ಉಪವಾಸದ ಸೈಂಧವ

ಆಳಂದದ ನಮ್ಮ ಮನೆಯಲ್ಲಿ ಉಪ್ಪಿನಕಾಯಿಗೆ ಹರಳುಪ್ಪು, ದಿನದ ಪಲ್ಯ ಸಾರಿಗೆ ಪಾಕೀಟಿನ ಸಣ್ಣ ಉಪ್ಪು. ತಿಳಿಗುಲಾಬಿ ಬಣ್ಣದ ಸೈಂಧವ ಸೋಮವಾರಕ್ಕೆ ಮಾತ್ರ. ಮದುವೆಯಾಗಿ ಬಂದಾಗಿನಿಂದ ಅವ್ವ ಸೋಮವಾರ ಉಪವಾಸ ಮಾಡುತ್ತಾಳೆ. ಅಂದು ಉಪ್ಪು ಮುಟ್ಟುವುದಿಲ್ಲ, ಸಾಬೂದಾನಿ ಖಿಚಡಿಗೆ ಸೈಂಧವ ಹಾಕಿಕೊಳ್ಳುತ್ತಾಳೆ. ಅದನ್ನು ಮನೆಯಲ್ಲಿ ಯಾರೂ ಉಪ್ಪೆಂದು ಎಣಿಸಿದವರಲ್ಲ.

ಹೋದ ವರ್ಷ ಅವ್ವನ ಬಿಪಿ ಏರಿತು. ಉಪ್ಪು ಅರ್ಧಕ್ಕಿಳಿಸಿ ಎಂದರು ಡಾಕ್ಟರು. ಅವಳು ಪೂರ್ತಿ ಬಿಟ್ಟಳು. ಗುಳಿಗೆಯನ್ನೂ ತಪ್ಪಿಸಲಿಲ್ಲ. ಆದರೂ ಮುಂದಿನ ತಪಾಸಣೆಯಲ್ಲಿ ಬಿಪಿ ಇಳಿದಿರಲಿಲ್ಲ. ಹೀಗೇ ಇದ್ದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂದು ಡಾಕ್ಟರು ನನ್ನ ಕಡೆ ನೋಡಿ ಹೇಳಿದರು.

ನಾನು ಜೇವರ್ಗಿಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ರಜೆಗೆ ಮಾತ್ರ ಊರಿಗೆ ಬರುತ್ತೇನೆ. ಆ ರಜೆಯಲ್ಲಿ ಅವ್ವನ ಪಕ್ಕ ಊಟಕ್ಕೆ ಕೂತಿದ್ದೆ. ಬದನೆಕಾಯಿ ಪಲ್ಯದ ಮೇಲೆ ಅವಳು ಧಾರಾಳವಾಗಿ ಸೈಂಧವ ಉದುರಿಸಿಕೊಂಡಳು. ಮಜ್ಜಿಗೆಗೂ ಹಾಕಿಕೊಂಡಳು.

“ಅವ್ವಾ, ಇದೇನಿದು? ದಿನಾ ಹಿಂಗ ಹಾಕ್ಕೊಳ್ತೀ?”

“ಯಾಕ? ಉಪಾಸಕ್ಕ ನಡೀತದಂದ್ರ ಬಿಪಿಗೆ ನಡಿಯಂಗಿಲ್ಲೇನು?”

“ಅದೂ ಉಪ್ಪೇ ಅವ್ವಾ. ಪಾಕೀಟಿಂದು ಸಮುದ್ರದ್ದು, ಸೈಂಧವ ಗಣಿಯಾಗ ಅಗದಿದ್ದು. ಪಾಕೀಟಿಂದರಾಗ ಅಯೋಡಿನ್ ಕೂಡಿಸಿರ್ತಾರ, ಅಷ್ಟೇ ಫರಕು. ಬಿಪಿ ಏರ್ಸೋದರಾಗ ಎಲ್ಲಾ ಒಂದೇ.”

ಅವ್ವ ತುತ್ತು ಕೈಯಲ್ಲೇ ಹಿಡಿದು ಕೂತಳು. ಕಿಡ್ನಿಯ ಬಗ್ಗೆ ಕೇಳುತ್ತಾಳೆ ಅಂದುಕೊಂಡಿದ್ದೆ.

“ಹಂಗಾರ ಇಷ್ಟ್ ವರ್ಷ ನಾ ಮಾಡಿದ ಉಪಾಸ?”

ತರಗತಿಯಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ.

“ಉಪಾಸಕ್ಕ ನಡೀತದ ಅಂತ ಹಿರೇರು ಹೇಳಿದ್ರು, ನೀ ಹಂಗೇ ನಡಕೊಂಡೀದಿ. ಅದೇನೂ ಕೆಟ್ಟಿಲ್ಲ. ಡಾಕ್ಟರ ಮಾತು ಬ್ಯಾರೆ, ಅದು ನಿನ್ನ ಮೈ ಸಲುವಾಗಿ ಹೇಳಿದ್ದು.”

“ಅಂದ್ರ ಶಿವ ಒಪ್ಯಾನ, ಡಾಕ್ಟರ್ ಒಪ್ಪವಲ್ಲ.”

ಅವ್ವ ನಗಲಿಲ್ಲ. ಪಲ್ಯದ ಮೇಲಿನ ಸೈಂಧವವನ್ನು ಬೆರಳಿನಿಂದ ತಾಟಿನ ಅಂಚಿಗೆ ಸರಿಸಿದಳು.

ಸೋಮವಾರದ ಖಿಚಡಿಗೆ ಅವಳು ಏನೂ ಹಾಕಿರಲಿಲ್ಲ. ಒಂದು ತುತ್ತಿಗೇ ಮುಖ ಕಿವಿಚಿದಳು. “ಏನ್ ಬೇ ಇದು, ಎಮ್ಮಿನೂ ಮೂಸಂಗಿಲ್ಲ.”

ನಾನು ಇನ್ನಷ್ಟು ಶೇಂಗಾಪುಡಿ ಹಾಕಿ, ಲಿಂಬೆ ಹಿಂಡಿ, ಕೊನೆಗೆ ಸೈಂಧವವನ್ನು ಮೇಲಷ್ಟೇ ಉದುರಿಸಿದೆ. ಕಲಸಲಿಲ್ಲ. ಮೇಲಿದ್ದದ್ದು ನಾಲಿಗೆಗೆ ಮೊದಲು ತಾಗುತ್ತದೆ, ಕಡಿಮೆಯಲ್ಲೇ ಸಾಲುತ್ತದೆ.

“ಡಾಕ್ಟರ್ ಅರ್ಧ ಮಾಡು ಅಂದಾರ, ಬಿಡು ಅಂದಿಲ್ಲ” ಅಂದೆ.

ಅವ್ವ ತಿಂದಳು. ಚೆನ್ನಾಗಿದೆ ಅನ್ನಲಿಲ್ಲ.

“ಮುಂದಿನ ಸೋಮವಾರ ನೀ ಇರಂಗಿಲ್ಲಲ್ಲ?”

“ಇರಂಗಿಲ್ಲ.”

ಸೈಂಧವ ಎಷ್ಟು ತೆಗೆದೆ ಎಂದು ಮತ್ತೊಮ್ಮೆ ತೋರಿಸಲು ಹೇಳಿದಳು. ಎರಡು ಬೆರಳ ತುದಿಯಲ್ಲಿ ತೆಗೆದು ತೋರಿಸಿದೆ. ಅವಳೂ ತೆಗೆದಳು, ಹೆಚ್ಚಾಯಿತು. ಸ್ವಲ್ಪ ಡಬ್ಬಿಗೆ ಉದುರಿಸಿ, ಬೆರಳಲ್ಲಿ ಉಳಿದದ್ದನ್ನು ನನ್ನ ಕಣ್ಣ ಮುಂದೆ ಹಿಡಿದಳು.