ಮಗಳು ಸತ್ತಿದ್ದಾಳೆಂದು ಬರೆದ ಅಫಿಡವಿಟ್

೨೦೨೨ರ ಮಾರ್ಚ್ ತಿಂಗಳು. ಉತ್ತರ ಗೋವಾದ ಮ್ಹಾಪಸಾದಲ್ಲಿ ನಾನು ನೋಟರಿಯಾಗಿ ಹತ್ತೊಂಬತ್ತನೆಯ ವರ್ಷಕ್ಕೆ ಕಾಲಿಟ್ಟಿದ್ದೆ. ಹುಟ್ಟಿ ಬೆಳೆದದ್ದು ಧಾರವಾಡ, ಮದುವೆಯಾಗಿ ಬಂದದ್ದು ಇಲ್ಲಿಗೆ. ಮಾರ್ಕೆಟ್ಟಿನ ಹಿಂಬದಿಯ ಗಲ್ಲಿಯಲ್ಲಿ ಎರಡು ಟೇಬಲ್ಲು, ಒಂದು ಕಿಟಕಿ ಇರುವ ಆಫೀಸು ನನ್ನದು. ನೋಟರಿಯ ಕೆಲಸವೆಂದರೆ ಬರೀ ಸೀಲು ಒತ್ತುವುದು ಎಂದು ಜನ ತಿಳಿದಿದ್ದಾರೆ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಾನೂ ಹಾಗೇ ತಿಳಿಯತೊಡಗಿದ್ದೆ. ಒಬ್ಬರು ತಮಗೆ ಗೊತ್ತಿರುವ ಸಂಗತಿಯನ್ನು ಬರೆಯಿಸಿ, ಇದು ಸತ್ಯವೆಂದು ನಮ್ಮೆದುರು ಪ್ರಮಾಣ ಮಾಡಿ ಸಹಿ ಹಾಕಿದರೆ ಅದು ಅಫಿಡವಿಟ್. ಸಹಿ ಹಾಕಿದವರು ಯಾರು, ಬರೆದದ್ದು ಅವರಿಗೆ ಅರ್ಥವಾಗಿದೆಯೇ ಎಂದು ನೋಡಿಕೊಳ್ಳುವುದು ನೋಟರಿಯ ಹೊಣೆ. ಮೊದಲನೆಯದನ್ನು ಕಟ್ಟುನಿಟ್ಟಾಗಿ ನೋಡುತ್ತಿದ್ದೆ. ಎರಡನೆಯದರಲ್ಲಿ ನಾನು ಎಡವಿದ ಕಥೆ ಇದು.

ಫೆಬ್ರವರಿ ಕೊನೆಗೆ ಯೂರೋಪಿನಲ್ಲಿ ಯುದ್ಧ ಶುರುವಾಯಿತು. ವಾರ ಕಳೆಯುವುದರೊಳಗೆ ಅದು ನಮ್ಮ ಬೀಚುಗಳಿಗೂ ಬಂದು ಕೂತಿತು. ಮೋರ್ಜಿಂ ಕಡೆ ಅಂಗಡಿಗಳ ಬೋರ್ಡು, ಹೋಟೆಲ್ಲಿನ ಮೆನು ಎಲ್ಲವೂ ರಷ್ಯನ್ ಭಾಷೆಯಲ್ಲಿರುತ್ತವೆ. ಚಳಿಗಾಲದಲ್ಲಿ ಅಲ್ಲಿ ರಷ್ಯದವರು, ಉಕ್ರೇನಿನವರು ಒಂದೇ ಮೇಜಿಗೆ ಕೂತು ಚಹಾ ಕುಡಿಯುತ್ತಿದ್ದರು. ಈಗ ಮೇಜುಗಳು ಬೇರೆಯಾದವು. ರಷ್ಯದವರ ಬ್ಯಾಂಕ್ ಕಾರ್ಡು ನಿಂತುಹೋಯಿತು, ಉಕ್ರೇನಿನವರಿಗೆ ಹಿಂದಿರುಗಲು ಊರೇ ಇರಲಿಲ್ಲ. ಅರವತ್ತರೊಳಗಿನ ಗಂಡಸರು ದೇಶ ಬಿಡುವಂತಿಲ್ಲವೆಂದು ಉಕ್ರೇನ್ ಸರ್ಕಾರ ಹೇಳಿತು. ಇಲ್ಲಿದ್ದ ಗಂಡಸರು ಹೋಗಬೇಕೋ ಬೇಡವೋ ಎಂದು ಹೆಂಡತಿಯರ ಜೊತೆ ಜಗಳವಾಡಿದರು. ಅವರೆಲ್ಲರ ಗೋಳು ಸಣ್ಣ ಸಣ್ಣ ಅರ್ಜಿಗಳಾಗಿ ನನ್ನ ಟೇಬಲ್ಲಿಗೆ ಬರತೊಡಗಿತು.

ಒಂದು ಶುಕ್ರವಾರ, ಮ್ಹಾಪಸಾದ ಸಂತೆಯ ದಿನ, ರೇಣವ್ವ ಬಂದಳು. ಗದಗ ಕಡೆಯ ಹೆಂಗಸು, ಐವತ್ತರ ಆಸುಪಾಸು. ಇಪ್ಪತ್ತೆರಡು ವರ್ಷದಿಂದ ಬೀಚಿನಲ್ಲಿ ಕಾಲ್ಗೆಜ್ಜೆ, ಮಣಿಸರ ಮಾರುತ್ತಿದ್ದಳು. ಅಕ್ಷರ ಬಾರದು. ಆದರೆ ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷ್ ಸಾಲದೆಂದು ರಷ್ಯನ್ನನ್ನೂ ನೀರು ಕುಡಿದಂತೆ ಮಾತಾಡುತ್ತಾಳೆ. ಅವಳ ಜೊತೆ ಎಪ್ಪತ್ತು ವರ್ಷದ, ಬಿಳಿ ಜಡೆಯ ಒಬ್ಬ ಹೆಂಗಸಿದ್ದರು. ಹೆಸರು ಗಲೀನಾ. ಉಕ್ರೇನಿನ ಮರಿಯುಪೋಲ್ ಎಂಬ ಕಡಲೂರಿನಲ್ಲಿ ಮೂವತ್ತು ವರ್ಷ ಟ್ರಾಮ್ ಓಡಿಸಿ ನಿವೃತ್ತರಾದವರು. ಪ್ರತಿ ಚಳಿಗಾಲ ಗೋವಾಕ್ಕೆ ಬಂದಾಗ ರೇಣವ್ವನ ಪಕ್ಕದಲ್ಲೇ ಮರಳಲ್ಲಿ ಚಾದರ ಹಾಸಿ ಕೂರುತ್ತಿದ್ದರಂತೆ.

“ಅಕ್ಕಾರ, ಈ ಗಲೀನಕ್ಕನ ವೀಸಾ ಮುಂದಿನ ತಿಂಗಳ ಮುಗಿತೈತ್ರಿ. ಊರಿಗೆ ಹೋಗು ಅಂದ್ರ ಎಲ್ಲಿಗೆ ಹೋಗಬೇಕ್ರಿ? ಊರ ಸುಡಾಕತ್ತೈತಿ,” ಎಂದಳು ರೇಣವ್ವ.

ವೀಸಾ ಅವಧಿ ಹೆಚ್ಚಿಸಲು ಪಣಜಿಯಲ್ಲಿರುವ ವಿದೇಶಿಯರ ನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು, ಕಾರಣಗಳನ್ನು ಅಫಿಡವಿಟ್ಟಿನಲ್ಲಿ ಹೇಳಬೇಕು. ಗಲೀನಾ ರಷ್ಯನ್‌ನಲ್ಲಿ ಹೇಳಿದರು, ರೇಣವ್ವ ಕನ್ನಡಕ್ಕೆ ತಂದಳು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದೆ. ಮನೆ ಬಿದ್ದಿದೆ. ಇರುವ ಒಬ್ಬಳೇ ಮಗಳು ಒಕ್ಸಾನಾ ಬಾಂಬಿಗೆ ಸಿಕ್ಕಿ ಸತ್ತಿದ್ದಾಳೆ. ಇಲ್ಲಿ ಬಾಡಿಗೆ ಮನೆಯವರು ಇರಗೊಡುತ್ತಾರೆ. ಮಗಳ ಸಾವಿನ ವಾಕ್ಯ ಬಂದಾಗ ನಾನು ಗಲೀನಾ ಅವರ ಮುಖ ನೋಡಿದೆ. ಅವರು ಅಳುತ್ತಿರಲಿಲ್ಲ. ಗಟ್ಟಿ ಜೀವ ಅಂದುಕೊಂಡೆ. ಅಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. ಹೊರಗೆ ಸಂತೆಯ ಜನ ಸಾಲುಗಟ್ಟಿದ್ದರು. “ಬರೆದದ್ದನ್ನ ಅವರಿಗೆ ತಿಳಿಸಿ ಹೇಳು” ಎಂದೆ. ರೇಣವ್ವ ಎರಡು ಮಾತಲ್ಲಿ ಏನೋ ಹೇಳಿದಳು, ಗಲೀನಾ ಸಹಿ ಹಾಕಿದರು, ನಾನು ಸೀಲು ಒತ್ತಿ ರಿಜಿಸ್ಟರ್ ಮುಚ್ಚಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಮುಂದಿನ ಬುಧವಾರ ಮಧ್ಯಾಹ್ನ ಇಬ್ಬರೂ ಪಣಜಿಯಿಂದ ನೇರ ನನ್ನ ಆಫೀಸಿಗೆ ಬಂದರು. ಗಲೀನಾ ಅವರನ್ನು ರೇಣವ್ವ ತೋಳು ಹಿಡಿದು ಕೂರಿಸಬೇಕಾಯಿತು. ಮುಖದಲ್ಲಿ ರಕ್ತವೇ ಇರಲಿಲ್ಲ. ಅಲ್ಲಿ ನಡೆದದ್ದು ಇಷ್ಟು. ಕಚೇರಿಯ ಅಧಿಕಾರಿ ಒಳ್ಳೆಯ ಹುಡುಗ. ಅಫಿಡವಿಟ್ ಓದಿ ಮನಸ್ಸು ಕರಗಿ, ತನ್ನ ಫೋನಿನಲ್ಲಿ ರಷ್ಯನ್‌ಗೆ ಅನುವಾದಿಸಿ ಒಂದು ಸಾಲು ತೋರಿಸಿದ್ದ: ನಿಮ್ಮ ಮಗಳ ಸಾವಿಗೆ ನನ್ನ ಸಂತಾಪ. ರೇಣವ್ವ ಆಗ ಗೇಟಿನ ಹೊರಗಿದ್ದಳು. ಗಲೀನಾ ಆ ಸಾಲು ಓದಿದರು. ಸರ್ಕಾರಿ ಕಚೇರಿ, ಸರ್ಕಾರಿ ಮನುಷ್ಯ. ದೆಹಲಿಯಿಂದ ಸುದ್ದಿ ಬಂದಿರಬೇಕು, ಮಗಳು ಸತ್ತದ್ದು ಖರೆ ಎಂದುಕೊಂಡು ಅಲ್ಲೇ ಬೆಂಚಿನ ಮೇಲೆ ಕುಸಿದಿದ್ದರು.

ರೇಣವ್ವ ನನ್ನ ಮುಖ ನೋಡಲಾರದೆ ನೆಲ ನೋಡುತ್ತ ಹೇಳಿದಳು: “ಅಕ್ಕಾರ, ಮಗಳು ಸತ್ತಾಳಂತ ಆಕಿ ಹೇಳೇ ಇಲ್ರಿ. ಇಪ್ಪತ್ತ ದಿನದಿಂದ ಫೋನ್ ಹತ್ತವಲ್ದು ಅಂದಿದ್ಳು, ಅಷ್ಟ. ಸತ್ತಿದ್ದು ನಾನ ಸೇರಿಸಿದ್ನಿ.”

“ಯಾಕವಾ? ಯಾಕ ಸೇರಿಸಿದಿ?”

“ಫೋನ್ ಹತ್ತವಲ್ದು ಅಂದ್ರ ಯಾರ ಕೇಳ್ತಾರ್ರಿ? ಬೀಚಿನ್ಯಾಗ ನಾವು ಮೊದ್ಲ ಜಾಸ್ತಿನ ಹೇಳ್ತೀವಿ. ಗಿರಾಕಿ ಅರ್ಧಕ್ಕ ಇಳಸ್ತಾರ. ಸಾಹೇಬ್ರೂ ಇಳಸ್ತಾರ, ಇಳಿಸಿದ ಮ್ಯಾಲೆ ಗಲೀನಕ್ಕಗ ಬೇಕಾದಷ್ಟು ಉಳೀತೈತಿ ಅಂದಕೊಂಡ್ನಿ.”

ನನ್ನ ಪಿತ್ತ ನೆತ್ತಿಗೇರಿತು. ನಾನು ಮೊದಲೇ ಸಿಡುಕಿ. ಗಲ್ಲಿಯ ಆ ತುದಿಗೆ ಕೇಳುವಂತೆ ಕೂಗಿದೆ. “ಪ್ರಮಾಣ ಮಾಡೋ ಕಾಗದದಾಗ ಇಲ್ಲದ್ದನ್ನ ತುರುಕತಿಯೇನ? ನಿನಗ ಅಷ್ಟೂ ತಿಳೀಬಾರದ?”

ಅವಳು ತಲೆ ಎತ್ತಿದಳು. ಜಗಳದ ದನಿಯಲ್ಲಲ್ಲ, ನಿಜವಾಗಿ ತಿಳಿಯದೆ ಕೇಳುವವಳ ಹಾಗೆ ಕೇಳಿದಳು. “ಕಾಗದದಾಗ ಏನ ಇರ್ತೈತಂತ ನಮಗೇನ ಗೊತ್ರಿ ಅಕ್ಕಾರ? ಆರು ವರ್ಷದ ಹಿಂದ ಇದ ಟೇಬಲ್ ಮ್ಯಾಲೆ ನನ್ನ ಹೆಬ್ಬಟ್ಟ ಒತ್ತಿಸ್ಕೊಂಡ್ರಿ. ಅದ್ರಾಗ ಏನ ಬರದಿತ್ತಂತ ನೀವು ಓದಿ ಹೇಳಿದ್ರೇನ್ರಿ?”

ಓದಿ ಹೇಳಿರಲಿಲ್ಲ. ಅವಳಿಗೆ ಮಾತ್ರವಲ್ಲ, ಹೆಬ್ಬೆಟ್ಟಿನವರು ಯಾರಿಗೂ ಹೇಳುತ್ತಿರಲಿಲ್ಲ.

ಆದರೆ ಅದಕ್ಕೆ ನಾಚಿಕೊಂಡು ಕೂರುವ ಹೊತ್ತಲ್ಲ ಅದು. ಎದುರಿಗೆ ಒಬ್ಬ ತಾಯಿ ಮಗಳು ಸತ್ತಳೆಂದು ನಂಬಿ ಕೂತಿದ್ದರು. ಅವರಿಗೆ ನಿಜ ಹೇಳಬೇಕು, ನನಗೆ ರಷ್ಯನ್ ಬಾರದು. ಆ ಆಫೀಸಿನಲ್ಲಿ ಅದನ್ನು ಹೇಳಬಲ್ಲವಳು ತಪ್ಪು ಮಾಡಿದವಳೊಬ್ಬಳೇ. “ಹೇಳು ರೇಣವ್ವ. ಸತ್ತ ಮಾತು ನೀ ಸೇರಿಸಿದ್ದು ಅಂತ ಹೇಳು. ಮಗಳ ಸುದ್ದಿ ಸರ್ಕಾರಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ ಅಂತ ಹೇಳು. ಒಂದ ಅಕ್ಷರ ಜಾಸ್ತಿ ಇಲ್ಲ, ಕಡಿಮಿ ಇಲ್ಲ.”

ರೇಣವ್ವ ಗಲೀನಾ ಅವರ ಮುಂದೆ ನೆಲದ ಮೇಲೆ ಕೂತು ಹೇಳಿದಳು. ಬೀಚಿನಲ್ಲಿ ಪಟಪಟನೆ ಬರುವ ರಷ್ಯನ್ ಅವತ್ತು ತಡವರಿಸಿ ಬಂತು. ಗಲೀನಾ ಕೇಳಿದರು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರು. ಆಮೇಲೆ ರೇಣವ್ವನ ಕೆನ್ನೆಗೆ ಒಂದು ಏಟು ಬಿತ್ತು. ನಾನು ಎದ್ದು ನಿಂತೆ. ಅಷ್ಟರಲ್ಲಿ ಅದೇ ಕೈ ರೇಣವ್ವನ ತಲೆಯನ್ನು ಎದೆಗೆ ಒತ್ತಿಕೊಂಡಿತ್ತು, ಇಬ್ಬರೂ ಜೋರಾಗಿ ಅಳುತ್ತಿದ್ದರು. ನನಗೂ ಕಣ್ಣು ತುಂಬಿತು. ಫೈಲು ಹುಡುಕುವ ನೆಪ ಮಾಡಿದೆ.

ಸ್ವಲ್ಪ ಹೊತ್ತಾದ ಮೇಲೆ ಗಲೀನಾ ನನ್ನ ಕಡೆ ತಿರುಗಿ ಮಾತಾಡಿದರು. ಅವರ ಮಾತು ನನಗೆ ಸಿಕ್ಕಿದ್ದು ರೇಣವ್ವನ ಕನ್ನಡದಲ್ಲೇ: “ನಮ್ಮೂರಾಗ ಈಗ ಯಾವ ಸರ್ಕಾರ ಐತೋ ಗೊತ್ತಿಲ್ಲಂತ್ರಿ. ಹುಟ್ಟಿದ್ದ ಬರಕೊಳ್ಳಾವ್ರಿಲ್ಲ, ಸತ್ತಿದ್ದ ಬರಕೊಳ್ಳಾವ್ರಿಲ್ಲ. ಕಚೇರಿ ಸುಟ್ಟೈತಿ. ನನ್ನ ಮಗಳ ಬಗ್ಗೆ ಇವತ್ತ ಜಗತ್ತಿನ್ಯಾಗ ಸೀಲ ಬಿದ್ದಿರೋದು ನಿಮ್ಮದೊಂದ ಕಾಗದಕ್ಕ. ಅದ್ರಾಗ ಆಕಿ ಸತ್ತಾಳ. ಅದನ್ನ ತಿದ್ರಿ ಅನ್ನಾಕತ್ತಾಳ್ರಿ.”

ಗೋವಾದ ವಕೀಲರಿಗೆ ಈ ಮಾತಿನ ಭಾರ ಬೇಗ ತಿಳಿಯುತ್ತದೆ. ಇಲ್ಲಿ ೧೯೬೧ರಲ್ಲಿ ಆಡಳಿತವೇ ಬದಲಾಯಿತು. ಪೋರ್ಚುಗೀಸರು ಹೋದರು, ಅವರು ಬರೆದಿಟ್ಟ ಹುಟ್ಟು ಮದುವೆಗಳ ದಪ್ಪ ಪುಸ್ತಕಗಳು ಉಳಿದವು. ಇವತ್ತಿಗೂ ಯಾರದೋ ಅಜ್ಜ ಯಾರ ಮಗ ಎಂದು ತಿಳಿಯಲು ನಾವು ಅದೇ ಪುಟಗಳನ್ನು ತಿರುವುತ್ತೇವೆ. ಸರ್ಕಾರದ ಜೊತೆ ದಫ್ತರವೂ ಹೋದರೆ ಮನುಷ್ಯರ ಗತಿ ಏನೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಯುದ್ಧದಿಂದ ಗಡಿ ಬದಲಾಗುತ್ತದೆ, ಮಂತ್ರಿಗಳು ಬದಲಾಗುತ್ತಾರೆ ಎಂದು ಪೇಪರಿನಲ್ಲಿ ಓದುತ್ತೇವೆ. ಟ್ರಾಮ್ ಓಡಿಸುತ್ತಿದ್ದ ಒಬ್ಬ ಮುದುಕಿ ತನ್ನ ಮಗಳು ಬದುಕಿದ್ದಾಳೆಂದು ಎಲ್ಲಿ ಬರೆಸಬೇಕು ಎಂದು ಹುಡುಕುತ್ತ ಮ್ಹಾಪಸಾದ ಗಲ್ಲಿಗೆ ಬರಬೇಕಾಗುತ್ತದೆ ಎಂದು ಪೇಪರಿನವರು ಬರೆಯುವುದಿಲ್ಲ.

ತಿದ್ದುವುದು ಸುಲಭವಿರಲಿಲ್ಲ. ಪ್ರಮಾಣ ಮಾಡಿದ ಕಾಗದ ಸುಳ್ಳೆಂದಾದರೆ ಅರ್ಜಿ ತಿರಸ್ಕಾರವಾಗಬಹುದು, ಸುಳ್ಳು ಹೇಳಿದ ವಿದೇಶಿಯೆಂದು ಗಲೀನಾ ಅವರನ್ನು ದೇಶ ಬಿಡಿಸಲೂಬಹುದು. ಟೈಪಿಂಗ್ ತಪ್ಪು ಎಂದು ಬರೆದು ಕೈತೊಳೆದುಕೊಳ್ಳಿ ಎಂದು ನನ್ನ ಗುಮಾಸ್ತ ಸಲಹೆ ಕೊಟ್ಟ. ಆಸೆಯಾಯಿತು, ಸುಳ್ಳೇಕೆ ಹೇಳಲಿ. ನೋಟರಿ ಲೈಸೆನ್ಸು ಹೋದರೆ ಈ ವಯಸ್ಸಿನಲ್ಲಿ ಮನೆಯಲ್ಲಿ ಕೂತು ಏನು ಮಾಡುವುದು? ಆದರೆ ಟೈಪಿಂಗ್ ತಪ್ಪಿನಿಂದ ಯಾರೂ ಸಾಯುವುದಿಲ್ಲವೆಂದು ಆ ಅಧಿಕಾರಿಗೂ ಗೊತ್ತು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅನುವಾದದಲ್ಲಿ ಇಲ್ಲದ ಮಾತು ಸೇರಿದೆ, ಸಹಿ ಹಾಕಿದವರಿಗೆ ಅದು ತಿಳಿದಿರಲಿಲ್ಲ, ಓದಿಸಿ ಖಾತ್ರಿ ಮಾಡಿಕೊಳ್ಳದೆ ಸೀಲು ಹಾಕಿದ್ದು ನನ್ನ ತಪ್ಪು.

ಎರಡನೆಯ ಅಫಿಡವಿಟ್ಟಿಗೆ ಬೇರೆ ಅನುವಾದಕರನ್ನು ಹುಡುಕುತ್ತೇನೆ ಎಂದರೆ ಗಲೀನಾ ಒಪ್ಪಲಿಲ್ಲ. ರೇಣವ್ವನೇ ಬೇಕು, ಅವಳು ಸುಳ್ಳು ಹೇಳಿದ್ದೂ ನನ್ನ ಪರವಾಗಿಯೇ ಎಂದರು. ಅವತ್ತು ಇಪ್ಪತ್ತು ನಿಮಿಷದ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಪ್ರತಿ ವಾಕ್ಯವನ್ನೂ ನಾನು ಕನ್ನಡದಲ್ಲಿ ಹೇಳಿದೆ, ರೇಣವ್ವ ರಷ್ಯನ್‌ಗೆ ತಂದಳು, ಗಲೀನಾ ತಮಗೆ ತಿಳಿದದ್ದನ್ನು ತಿರುಗಿ ಹೇಳಿದರು, ಅದು ಮತ್ತೆ ಕನ್ನಡಕ್ಕೆ ಬಂತು. ಅಫಿಡವಿಟ್ಟಿನಲ್ಲಿ ಒಂದು ನಿಯಮವಿದೆ. ಕಣ್ಣಾರೆ ಕಂಡು ತಿಳಿದದ್ದು ಒಂದು ಕಡೆ, ಬರೀ ನಂಬಿಕೆಯಿಂದ ಹೇಳುವುದು ಇನ್ನೊಂದು ಕಡೆ ಇರಬೇಕು. ಮಗಳು ಬದುಕಿದ್ದಾಳೆ ಎಂದು ಬರೆಯಿರಿ ಎಂದರು ಗಲೀನಾ. ನಿಮಗೆ ಗೊತ್ತೇ ಎಂದು ಕೇಳಿದೆ. ನಂಬಿದ್ದೇನೆ ಎಂದರು. ರೇಣವ್ವ ಬೆರಳು ತೋರಿಸಿ ನನಗೇ ಎಚ್ಚರಿಕೆ ಕೊಟ್ಟಳು: “ನಂಬೀನಿ ಅಂತ ಹೇಳ್ಯಾಳ್ರಿ ಅಕ್ಕಾರ. ಅಷ್ಟ ಬರೀರಿ.”

ಪಣಜಿಗೆ ನಾನೇ ಹೋದೆ. ಆ ಅಧಿಕಾರಿ ನನ್ನ ಮಗನ ವಯಸ್ಸಿನವನು. ನನ್ನನ್ನು ನಿಲ್ಲಿಸಿಯೇ ಕಾಗದ ಓದಿ, ನಿಲ್ಲಿಸಿಯೇ ಚೆನ್ನಾಗಿ ಬೈದ. ಬೈಸಿಕೊಂಡೆ. ಆಮೇಲೆ ಕುರ್ಚಿ ಕೊಟ್ಟು, “ಮೇಡಂ, ಅವತ್ತು ಆ ಸಾಲು ತೋರಿಸಿದವನು ನಾನು. ಅವರು ಕುಸಿದದ್ದು ನೋಡಿ ಮೂರು ದಿನ ನಿದ್ದೆ ಮಾಡಿಲ್ಲ,” ಎಂದ. ಏಪ್ರಿಲ್‌ನಲ್ಲಿ ಗಲೀನಾ ಅವರ ವೀಸಾ ಅವಧಿ ಹೆಚ್ಚಿಸಿದ ಆದೇಶ ಬಂತು.

ಅದೇ ವಾರ ಹಳೆಯ ಫೈಲು ತೆಗೆದು ರೇಣವ್ವನ ಆರು ವರ್ಷದ ಹಿಂದಿನ ಕಾಗದ ಓದಿ ಹೇಳಿದೆ. ರೇಣವ್ವ, ರೇಣುಕಾ ಎಂಬ ಎರಡು ಹೆಸರೂ ಅವಳವೇ ಎಂದು ಬರೆದಿತ್ತು, ಬೇರೇನಿಲ್ಲ. ಅವಳು ಉಸಿರು ಬಿಟ್ಟು ಗೋಡೆಗೆ ಒರಗಿದಳು. ಅವತ್ತು ಜೊತೆಗೆ ಬಂದಿದ್ದ ಮೈದುನ ಅದರಲ್ಲಿ ಊರ ಮನೆಯ ಪಾಲು ಬರೆಸಿಕೊಂಡಿರಬೇಕೆಂದು ಆರು ವರ್ಷ ಒಳಗೊಳಗೇ ಹೆದರಿದ್ದಳಂತೆ. ನನ್ನ ಎರಡು ನಿಮಿಷದ ಸೋಮಾರಿತನದ ಬೆಲೆ ಅದು. ಅಂದಿನಿಂದ ನನ್ನ ಆಫೀಸಿನಲ್ಲಿ ಯಾರದೇ ಕಾಗದವಿರಲಿ, ಓದಿ ಹೇಳುತ್ತೇನೆ. ಕಾಗದದಲ್ಲಿ ಏನಿದೆ ಎಂದು ಅವರ ಬಾಯಲ್ಲೇ ಕೇಳಿಸಿಕೊಂಡ ಮೇಲೆ ಸೀಲು. ಸಾಲಿನಲ್ಲಿ ನಿಂತವರು ಗೊಣಗುತ್ತಾರೆ, ಗೊಣಗಲಿ. ಸೀಲು ಯಾರು ಬೇಕಾದರೂ ಒತ್ತಬಹುದು, ಓದಿ ಹೇಳುವುದೇ ಕೆಲಸ ಎಂದು ನೋಟರಿಯಾದ ಹತ್ತೊಂಬತ್ತನೆಯ ವರ್ಷದಲ್ಲಿ ಕಲಿತೆ.

ಜೂನ್‌ನಲ್ಲಿ ಮತ್ತೊಂದು ಶುಕ್ರವಾರ ಇಬ್ಬರೂ ಮಳೆಯಲ್ಲಿ ನೆನೆದುಕೊಂಡು ಬಂದರು. ಗಲೀನಾ ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಪರದೆಯಲ್ಲಿ ಕೂದಲು ಮೋಟಾಗಿ ಕತ್ತರಿಸಿದ, ಬಡಕಲು ಮುಖದ ಒಬ್ಬಳು ಹೆಂಗಸು. ಒಕ್ಸಾನಾ. ನೆಲಮಾಳಿಗೆಯಲ್ಲಿ ವಾರಗಟ್ಟಲೆ ಇದ್ದು, ಹೇಗೋ ಗಡಿ ದಾಟಿ ಜಾರ್ಜಿಯಾ ದೇಶ ಸೇರಿದ್ದಳು. ಕಾಗದಪತ್ರ ಎಲ್ಲ ಸುಟ್ಟುಹೋಗಿದ್ದವು. ಹೊಸದು ಮಾಡಿಸಬೇಕೆಂದರೆ ಅವಳು ಅವಳೇ ಎಂದು ಹತ್ತಿರದ ಸಂಬಂಧಿಕರು ಯಾರಾದರೂ ಪ್ರಮಾಣ ಮಾಡಿ ಹೇಳಬೇಕಿತ್ತು.

ಬರೆಸಿದೆ. ಒಕ್ಸಾನಾ ನನ್ನ ಮಗಳು, ಬದುಕಿದ್ದಾಳೆ. ಈ ಸಲ ಆ ಮಾತನ್ನು ನಂಬಿದ್ದರ ಪಟ್ಟಿಯಲ್ಲಿ ಹಾಕಲಿಲ್ಲ, ತಿಳಿದದ್ದರ ಪಟ್ಟಿಯಲ್ಲಿ ಹಾಕಿದೆ. ಓದಿ ಹೇಳಿದೆ, ರೇಣವ್ವ ರಷ್ಯನ್‌ಗೆ ತಂದಳು, ಗಲೀನಾ ತಿರುಗಿ ಹೇಳಿದರು. ಸಹಿಗೆ ಪೆನ್ನು ಕೊಟ್ಟರೆ ತೆಗೆದುಕೊಳ್ಳದೆ ಏನೋ ಅಂದರು.

“ಇನ್ನೊಮ್ಮೆ ಓದ್ರಿ ಅನ್ನಾಕತ್ತಾಳ್ರಿ,” ಎಂದಳು ರೇಣವ್ವ.

“ಯಾಕ, ತಿಳೀಲಿಲ್ಲೇನ?”

“ತಿಳದೈತ್ರಿ. ಕೇಳಾಕ ಚಲೋ ಅನಸ್ತೈತಂತ.”

ಸಂತೆಯ ದಿನ, ಬಾಗಿಲಾಚೆಗೂ ಜನ. ಮೂರು ಸಲ ಓದಿದೆ.