ಹುಳು ಹಣ್ಣಾದ ಭಾನುವಾರ

ಸಾತನೂರಿನ ಕಡೆಯ ಆ ಊರಿನಲ್ಲಿ ಬೆಳಗಾಯಿತೆಂದು ಎಲ್ಲರಿಗಿಂತ ಮೊದಲು ಸಾರುವುದು ಒಂದು ಖಾಲಿ ಹಾಲಿನ ಕ್ಯಾನು. ಡೇರಿಯಿಂದ ಊರಿಗೆ ಬರುವ ಮೂರು ಕಿಲೋಮೀಟರ್ ಟಾರು ರಸ್ತೆಯ ಉದ್ದಕ್ಕೂ ಅದರ ಮುಚ್ಚಳ ಟಣಟಣ ಎನ್ನುತ್ತ ಬರುತ್ತದೆ. ಇನ್ನೂ ಮಬ್ಬುಗತ್ತಲು. ಮೊದಲು ಸದ್ದು ಕೇಳುತ್ತದೆ, ಆಮೇಲೆ ಹಿಪ್ಪುನೇರಳೆ ತೋಟದ ತಿರುವಿನಲ್ಲಿ ಸೆರಗನ್ನು ಸೊಂಟಕ್ಕೆ ಬಿಗಿದು ಓಡಿಬರುವ ಹೆಂಗಸೊಬ್ಬರು, ಹನುಮಂತಮ್ಮ, ಕಾಣಿಸುತ್ತಾರೆ. ಕಾಲಿನಲ್ಲಿ ಮಗಳು ಬಿಟ್ಟ ಶೂ. ನಾಯಿಗಳು ತಲೆಯೆತ್ತಿ ನೋಡಿ, ಇವರೇ ಎಂದು ಮತ್ತೆ ಮಲಗುತ್ತವೆ. ಎದುರಿಗೆ ಕಲ್ಲು ತುಂಬಿದ ಲಾರಿ ಬಂದರೆ ಹನುಮಂತಮ್ಮ ಓಟ ನಿಲ್ಲಿಸದೆ ರಸ್ತೆಯಂಚಿನ ಮಣ್ಣಿಗೆ ಇಳಿಯುತ್ತಾರೆ. ಲಾರಿ ಹೋದ ಮೇಲೆ ದೂಳಿನೊಳಗಿಂದ ಅದೇ ಟಣಟಣ ಮತ್ತೆ ಕೇಳಿದಾಗಲೇ ನೋಡುವವರಿಗೆ ಸಮಾಧಾನ.

ಡೇರಿಗೆ ಹೋಗುವಾಗ ನಡಿಗೆ, ಬರುವಾಗ ಓಟ. ತುಂಬಿದ ಕ್ಯಾನು ಹೊತ್ತು ಓಡಿದರೆ ಹಾಲು ಉಳಿಯುವುದಿಲ್ಲ. ಆದರೆ ಬರುವಾಗ ನಡೆಯುವಷ್ಟು ಪುರುಸೊತ್ತು ಅವರಿಗಿಲ್ಲ. ಮನೆಯ ಹಿಂದಿನ ಹುಳು ಮನೆಯಲ್ಲಿ ರೇಷ್ಮೆ ಹುಳುಗಳು ಬೆಳಗಿನ ಸೊಪ್ಪಿಗೆ ತಲೆಯೆತ್ತಿ ಕಾಯುತ್ತಿರುತ್ತವೆ. “ಹಸ ಒಂದ್ ಗಳಿಗೆ ಕಾಯ್ತದೆ. ಹುಳ ಕಾಯಾಕಿಲ್ಲ,” ಎನ್ನುತ್ತಾರೆ ಹನುಮಂತಮ್ಮ, ಕ್ಯಾನನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕುತ್ತ. “ಸೊಪ್ಪು ತಡ ಆದ್ರೆ ಗೂಡು ತೆಳ್ಳಗಾಯ್ತದೆ. ಅದ್ಕೇ ಓಡೋದು ಕಲ್ತಿದ್ದು. ನಾನೇನ್ ಆಟಕ್ಕೆ ಓಡ್ತಿದ್ನಾ?”

ಅದೇ ಮೊಳೆಗೆ ಕ್ಯಾನಿನ ಜೊತೆ ಒಂದು ಪದಕವೂ ತೂಗುತ್ತಿದೆ. ನಲವತ್ತನಾಲ್ಕು ವರ್ಷದ ಈ ಹೆಂಗಸು ಕಳೆದ ಚಳಿಗಾಲದಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಮ್ಯಾರಥಾನ್ ಓಡಿ ಬಂದರು. ಪದಕ ಮನೆಯೊಳಗಿನ ಗೋಡೆಯಲ್ಲಿರದೆ ಹೊರಗೆ ಏಕಿದೆ ಎನ್ನುವುದನ್ನು ಹೇಳಬೇಕಾದರೆ, ಅವರು ಓಡಿದ್ದು ಏಕೆ ಎನ್ನುವುದನ್ನು ಮೊದಲು ಹೇಳಬೇಕು.

ಪ್ರತಿ ಗುರುವಾರ ಸಾತನೂರಿನ ಶಾಲೆಯ ಬೇಲಿಯ ಹತ್ತಿರ ಒಂದು ಬಿಳಿ ವ್ಯಾನು ಬಂದು ನಿಲ್ಲುತ್ತದೆ. ಹರೆಯದ ಮಕ್ಕಳ ಆರೋಗ್ಯಕ್ಕೆಂದು ನಡೆಯುವ ‘ಚಿಗುರು’ ಎಂಬ ಸಣ್ಣ ಟ್ರಸ್ಟಿನ ವ್ಯಾನು ಅದು. ಅದರೊಳಗೆ ಕೂರುವವರು ರಾಮನಗರದ ನರ್ಸ್ ನಿಖಾತ್. ಬಟ್ಟಲಿನ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ ಬೆಳೆದವರು. ಮುಟ್ಟಿನ ನೋವು, ಬಾಯೊಳಗೆ ಬಚ್ಚಿಟ್ಟ ಗುಟ್ಕಾ, ಪರೀಕ್ಷೆಯ ಭಯಕ್ಕೆ ಬಾರದ ನಿದ್ದೆ, ಹೀಗೆ ಅಪ್ಪ ಅಮ್ಮನ ಮುಂದೆ ಹೇಳಲಾಗದ್ದನ್ನೆಲ್ಲ ಮಕ್ಕಳು ಆ ವ್ಯಾನಿನ ಬಾಗಿಲು ಎಳೆದುಕೊಂಡು ನಿಖಾತ್ ಮುಂದೆ ಹೇಳುತ್ತಾರೆ.

ಹನುಮಂತಮ್ಮನ ಮಗಳು ಚೈತ್ರಾ ಎರಡು ವರ್ಷದ ಹಿಂದೆ ಸೊಪ್ಪು ಕೊಯ್ಯುವಾಗ ತಲೆಸುತ್ತಿ ಬಿದ್ದಳು. ಬಿಸಿಲಿಗೆ ಎಂದರು, ತಿಂಡಿ ತಿನ್ನದೆ ಬಂದದ್ದಕ್ಕೆ ಎಂದರು. ಮೂರನೆಯ ಸಲ ಬಿದ್ದಾಗ ತಾಯಿ ಅವಳನ್ನು ವ್ಯಾನಿಗೆ ಕರೆದೊಯ್ದರು. ನಿಖಾತ್ ಹುಡುಗಿಯ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಬಿಳುಚಿತ್ತು. ಆಮೇಲೆ, ಕರೆತಂದವರ ಕಣ್ಣನ್ನೂ ಎಳೆದು ನೋಡಿದರು. “ಅಕ್ಕಾ, ನಿಮ್ದೂ ಇದೇ ಕತೆ,” ಎಂದರಂತೆ. ತಾಯಿ ಮಗಳಿಬ್ಬರೂ ಒಂದೇ ಡಬ್ಬಿಯಿಂದ ರಕ್ತ ಹೆಚ್ಚುವ ಮಾತ್ರೆ ನುಂಗಿದರು. ಈಗ ಚೈತ್ರಾ ಕನಕಪುರದ ಕಾಲೇಜಿಗೆ ಹೋಗುತ್ತಾಳೆ. ಬಸ್ಸು ತಪ್ಪಿಹೋಗುತ್ತಿದೆ ಎಂದರೆ ಅಮ್ಮನನ್ನೂ ಹಿಂದೆ ಹಾಕಿ ಓಡುತ್ತಾಳೆ.

ಕಳೆದ ವರ್ಷ ಮಳೆಗಾಲದ ನಡುವೆ ನಿಖಾತ್ ಒಂದು ಕೆಟ್ಟ ಸುದ್ದಿ ತಂದರು. ಟ್ರಸ್ಟಿನ ಹತ್ತಿರ ಹಣವಿಲ್ಲ, ಹೊಸ ವರ್ಷದಿಂದ ಸಾತನೂರಿಗೆ ವ್ಯಾನು ಬರುವುದಿಲ್ಲ. ಒಂದೇ ಒಂದು ದಾರಿ ಉಳಿದಿತ್ತು. ಬೆಂಗಳೂರಿನ ಮ್ಯಾರಥಾನಿನಲ್ಲಿ ಟ್ರಸ್ಟಿನ ಹೆಸರಿನಲ್ಲಿ ಓಡಲು ಅವಕಾಶವಿತ್ತು. ರಾಮನಗರದ ರೇಷ್ಮೆ ವ್ಯಾಪಾರಿಯೊಬ್ಬರು ಒಂದು ಮಾತು ಕೊಟ್ಟಿದ್ದರು: ಈ ವ್ಯಾನು ಬೇಕೆನ್ನುವ ಊರಿನವರೇ ಯಾರಾದರೂ ಪೂರ್ತಿ ಓಡಿ ಮುಗಿಸಿದರೆ, ಒಂದು ವರ್ಷದ ಖರ್ಚು ತಮ್ಮದು. ಅರ್ಧ ಓಡಿದರೆ ಲೆಕ್ಕವಿಲ್ಲ. ಹೆಸರು ಕೊಟ್ಟ ಹುಡುಗರು ಎರಡು ದಿನ ಓಡಿ, ಮೂರನೆಯ ದಿನ ನಿಖಾತ್ ಮಾಡಿದ ಫೋನನ್ನು ಎತ್ತಲಿಲ್ಲ.

ಡೇರಿಯ ಮುಂದೆ ಈ ಮಾತು ಬಂದಾಗ ಹನುಮಂತಮ್ಮ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ದೂರ ಎಂದು. ನಲವತ್ತೆರಡು ಕಿಲೋಮೀಟರ್ ಎಂದರು ನಿಖಾತ್. ಹೆಂಗಸರು ತಮ್ಮ ತಮ್ಮಲ್ಲೇ ಅಳೆದರು. ಸಾತನೂರಿನಿಂದ ಕನಕಪುರ, ಅಲ್ಲಿಂದ ರಾಮನಗರ. ಹೆಚ್ಚುಕಡಿಮೆ ಗೂಡಿನ ಮೂಟೆ ಮಾರುಕಟ್ಟೆಗೆ ಹೋಗುವ ದಾರಿ. ಪಕ್ಕದ ಮನೆಯ ಶಿವಮಾದಮ್ಮ, ಆ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಹೋದರೇ ಸೊಂಟ ಬೀಳುತ್ತದೆ ಎಂದರು. ಗೆದ್ದರೆ ಏನು ಕೊಡುತ್ತಾರೆ ಎಂದೂ ವಿಚಾರಿಸಿದರು. ಓಡುವವರಿಗೆ ಏನೂ ಇಲ್ಲ ಎಂದು ತಿಳಿದಾಗ, “ಅಯ್ಯೋ, ಅಷ್ಟ್ ದೂರ ಓಡಿ ಬರಿಗೈಲಿ ಬರೋದಾ? ಒಂದ್ ಸ್ಟೀಲ್ ಪಾತ್ರೆನಾದ್ರೂ ಕೊಡಬಾರ್ದಾ?” ಎಂದರು. ನಗು ಇನ್ನೂ ನಿಂತಿರಲಿಲ್ಲ, ಹನುಮಂತಮ್ಮ ಕ್ಯಾನು ಎತ್ತಿಕೊಂಡು, “ನಾ ಓಡ್ತೀನಿ ಬುಡಿ ಸಿಸ್ಟ್ರೇ,” ಎಂದು ಹೊರಟೇಬಿಟ್ಟರು.

ಅಂದಿನಿಂದ ದಿನದ ಲೆಕ್ಕ ಬದಲಾಯಿತು. ನಾಲ್ಕಕ್ಕೆ ಏಳುವುದು, ಎರಡು ಹಸುಗಳ ಹಾಲು ಕರೆಯುವುದು, ಡೇರಿ, ಅಲ್ಲಿಂದ ಊರು ದಾಟಿ ಕೆರೆ ಏರಿಯವರೆಗೆ ಹೋಗಿ ತಿರುಗಿ ಬರುವ ಓಟ, ಸೊಪ್ಪು, ಅಡುಗೆ, ಮತ್ತೆ ಸೊಪ್ಪು. ವಾರಕ್ಕೊಮ್ಮೆ ಕನಕಪುರದವರೆಗೆ ಓಡಿ ಸರ್ಕಾರಿ ಬಸ್ಸಿನಲ್ಲಿ ವಾಪಸು. ಬೆವರು ಸುರಿಸುತ್ತ ಬಸ್ಸು ಹತ್ತುವ ಈ ಹೆಂಗಸನ್ನು ನೋಡಿ, ಬರುವಾಗ ಯಾವ ಬಸ್ಸಿಗೆ ಬಂದಿರಿ ಎಂದು ಕಂಡಕ್ಟರ್ ಕೇಳುತ್ತಿದ್ದರಂತೆ.

ಮಂಡಿ ಊದಿದಾಗ ನಿಖಾತ್ ನೋವಿನ ಮುಲಾಮು ತಂದುಕೊಟ್ಟರು. ಹನುಮಂತಮ್ಮ ಅದನ್ನು ಮುಟ್ಟಲಿಲ್ಲ. ರೇಷ್ಮೆ ಹುಳುವಿಗೆ ಘಾಟು ಆಗದು. ಬೀಡಿ ಸೇದಿದವರು, ಸೆಂಟು ಹಾಕಿದವರು, ಮುಲಾಮು ಹಚ್ಚಿದವರು ಹುಳು ಮನೆಯ ಹೊಸಿಲು ದಾಟುವ ಹಾಗಿಲ್ಲ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೊಂಡೇ ಐದು ತಿಂಗಳು ಕಳೆದರು.

ಅವರು ಹೆದರಿದ್ದು ದೂರಕ್ಕಲ್ಲ, ಹುಳುವಿನ ದಿನಕ್ಕೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕಳೆದು ವಾರದ ಮೇಲೆ ಮೈ ಹೊಂಬಣ್ಣಕ್ಕೆ ತಿರುಗಿ ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಒಂದೊಂದಾಗಿ ಆಯ್ದು, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಆ ದಿನ ಮನೆಯಲ್ಲಿರುವ ಕೈಗಳು ಸಾಲುವುದಿಲ್ಲ. ಹನುಮಂತಮ್ಮ ಲೆಕ್ಕ ಹಾಕಿ ಮರಿ ಹುಳು ತಂದಿದ್ದರು. ಓಟ ಭಾನುವಾರ, ಹುಳು ಹಣ್ಣಾಗುವುದು ಮಂಗಳವಾರ.

ಲೆಕ್ಕ ಕೆಡಿಸಿದ್ದು ಗಂಡ ಬೋರಲಿಂಗಯ್ಯನವರ ಪ್ರೀತಿ. ಹೆಂಡತಿ ನಿಶ್ಚಿಂತೆಯಿಂದ ಹೋಗಿಬರಲಿ, ಓಟಕ್ಕೆ ಮೊದಲೇ ಹುಳು ಆಯ್ದು ಮುಗಿಯಲಿ ಎಂದು, ಯಾರಿಗೂ ಹೇಳದೆ ರಾತ್ರಿ ಹುಳು ಮನೆಯ ಇದ್ದಿಲ ಒಲೆಗೆ ಇನ್ನೆರಡು ಬೊಗಸೆ ಇದ್ದಿಲು ಹಾಕುತ್ತ ಬಂದರು. ಕಾವಿಗೆ ಹುಳು ಬೇಗ ಬೆಳೆಯುತ್ತದೆ. ಶುಕ್ರವಾರ ಹಣ್ಣಾಗುತ್ತವೆ ಎನ್ನುವುದು ಅವರ ಎಣಿಕೆ. ಹುಳುಗಳು ಮಂಗಳವಾರಕ್ಕಿಂತ ಮೊದಲೇ ಹಣ್ಣಾದವು ನಿಜ, ಆದರೆ ಶುಕ್ರವಾರಕ್ಕೆ ಆಗಲಿಲ್ಲ. ಶನಿವಾರ ಮಧ್ಯಾಹ್ನ, ಬೆಂಗಳೂರಿಗೆ ಹೊರಡಲು ಬ್ಯಾಗು ಕಟ್ಟಿಟ್ಟು ಸೊಪ್ಪು ಹಾಕಲು ಹೋದ ಹನುಮಂತಮ್ಮನಿಗೆ, ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡಿಸುವ ಮೊದಲ ಹೊಂಬಣ್ಣದ ಹುಳುಗಳು ಕಂಡವು. ಬೆಳಗಾಗುವುದರೊಳಗೆ ಇಡೀ ಮನೆ ಹಣ್ಣಾಗುತ್ತದೆ.

ಬೋರಲಿಂಗಯ್ಯ ಒಲೆಯ ವಿಷಯ ಆಗ ಬಾಯಿಬಿಟ್ಟರು. “ಬೈಲಿಲ್ಲ ಕಣವ್ವ ಅವ್ಳು. ಬೈದಿದ್ರೆ ಚೆಂದಾಗಿತ್ತು,” ಎನ್ನುತ್ತಾರೆ ಈಗಲೂ, ಸೊಪ್ಪು ಹೆಚ್ಚುತ್ತ, ತಲೆ ಎತ್ತದೆ. ಹನುಮಂತಮ್ಮ ಬ್ಯಾಗಿನಿಂದ ಬಟ್ಟೆ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದರು. ನಿಖಾತ್‌ಗೆ ಫೋನು ಮಾಡಿ ಬರಲಾಗದೆಂದರು.

ಈ ಸೀಮೆಯಲ್ಲಿ ಮುಯ್ಯಾಳು ಎನ್ನುವುದೊಂದುಂಟು. ನನ್ನ ಹೊಲದ ಕಳೆಗೆ ನೀನೊಂದು ದಿನ ಬಾ, ನಿನ್ನ ಹೊಲದ ಕೊಯ್ಲಿಗೆ ನಾನೊಂದು ದಿನ ಬರುತ್ತೇನೆ. ಕೂಲಿಯ ಮಾತಿಲ್ಲ, ಬಂದ ಆಳಿಗೆ ಆಳು ತಿರುಗಿ ಹೋದರೆ ಮುಯ್ಯಿ ತೀರಿತು. ಕೇಳುವುದಕ್ಕೆ ತಕ್ಕ ಕಾರಣ ಬೇಕು. ಮದುವೆ, ಬಾಣಂತನ, ಬೆಳೆ. ಓಡಲು ಹೋಗುತ್ತೇನೆ, ನನ್ನ ಹುಳು ಆಯ್ದುಕೊಡಿ ಎಂದು ಕೇಳಿದವರು ಇದುವರೆಗೆ ಯಾರೂ ಇಲ್ಲ. ಹನುಮಂತಮ್ಮನೂ ಕೇಳಲಿಲ್ಲ. ಹಗ್ಗದ ಮೇಲಿನ ಬಟ್ಟೆ ನೋಡಿ ಶಿವಮಾದಮ್ಮನೇ ಒಳಗೆ ಬಂದರು, ವಿಷಯ ತಿಳಿದುಕೊಂಡರು.

“ನಾಚ್ಕೆ ಆಯ್ತದೆ ಕಣಕ್ಕ. ಓಟಕ್ಕೆ ಮುಯ್ಯಿ ಕೇಳೋದಾ?” ಎಂದರು ಹನುಮಂತಮ್ಮ.

“ನೀನೆಲ್ ಕೇಳ್ದೆ? ನನ್ ಮಗ ಗುಟ್ಕಾ ಬುಟ್ಟಿದ್ದು ಆ ವ್ಯಾನಿಂದ. ನಾಳಿಕ್ ನೀನ್ ನಮ್ಗೋಸ್ಕರ ಓಡು, ನಾವ್ ನಿನ್ ಹುಳ ಆಯ್ತೀವಿ. ಇದ್ಕಿಂತ ಇನ್ನೇನಮ್ಮಿ ಮುಯ್ಯಿ ಅಂದ್ರೆ?” ಶಿವಮಾದಮ್ಮ ಬಟ್ಟೆಗಳನ್ನು ಎಳೆದು ತಾವೇ ಬ್ಯಾಗಿಗೆ ತುರುಕಿದರು. ಸಂಜೆ ಡೇರಿಗೆ ಹಾಲು ತಂದ ಹೆಂಗಸರಿಗೆಲ್ಲ ಸುದ್ದಿ ಮುಟ್ಟಿತು, ಫೋನಿನಲ್ಲಿ ನಿಖಾತ್‌ಗೂ. ಕೊನೆಯ ಬಸ್ಸಿಗೆ ಹನುಮಂತಮ್ಮ ಹೊರಟಾಗ ಹುಳು ಮನೆಯ ಬಾಗಿಲಲ್ಲಿ ಏಳೆಂಟು ಜೊತೆ ಚಪ್ಪಲಿಗಳಿದ್ದವು.

ಬೆಂಗಳೂರಿನ ಓಟದ ಬಗ್ಗೆ ಅವರಿಂದ ಹೆಚ್ಚು ಮಾತು ಹೊರಡುವುದಿಲ್ಲ. ರಸ್ತೆ ನುಣ್ಣಗಿತ್ತು, ಲಾರಿ ಇರಲಿಲ್ಲ, ಕೈಯಲ್ಲಿ ಕ್ಯಾನಿಲ್ಲದೆ ಒಂದು ಪಕ್ಕ ಹಗುರಾಗಿ ಮೈ ವಾಲಿದಂತಾಗುತ್ತಿತ್ತು. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಮೀನಖಂಡ ಹಿಡಿದುಕೊಂಡಿತು. ಕಾಲು ಊರಲಾಗದೆ ರಸ್ತೆಯಂಚಿನಲ್ಲಿ ಕೂತರು. ಓಟಗಾರರ ನೆರವಿಗೆ ನಿಂತಿದ್ದ ಯುವಕನೊಬ್ಬ ನೋವಿನ ಸ್ಪ್ರೇ ಹಿಡಿದು ಓಡಿಬಂದ. ಹನುಮಂತಮ್ಮ ಸೆರಗಿಗೆ ಕೈಹಾಕಿದರು, ಅಂದು ಚೂಡಿದಾರವಾದ್ದರಿಂದ ವೇಲು ಸಿಕ್ಕಿತು. ಅದನ್ನೇ ಕಾಲಿಗೆ ಸುತ್ತಿಕೊಂಡು, “ಬ್ಯಾಡ ಕಣಪ್ಪ, ಮನೇಲಿ ಹುಳ ಹಣ್ಣಾಗವೆ,” ಎಂದರು. ಅವರು ಕಾಲನ್ನು ತಾವೇ ತಿಕ್ಕಿಕೊಂಡರು, ನೀರು ಸುರಿದುಕೊಂಡರು, ಎದ್ದು ಕುಂಟಿದರು, ಕುಂಟುತ್ತ ನಡೆದರು. ನಡೆಯುವಾಗ ತಲೆಯಲ್ಲಿದ್ದದ್ದು ಒಂದೇ ಚಿತ್ರ. ಶಿವಮಾದಮ್ಮ ಹುಳು ಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ಆಯುತ್ತಿರುವುದು. ಅವರ ಸೊಂಟವೂ ಸರಿಯಿಲ್ಲ. “ಅವ್ಳು ಹುಳ ಬುಟ್ಟು ಎದ್ದಿರಾಕಿಲ್ಲ, ನಾನ್ಯಾಕ್ ಕೂರ್ಲಿ ಅನ್ನುಸ್ತು,” ಎನ್ನುತ್ತಾರೆ.

ಅವರು ಮುಗಿಸಿದಾಗ ಕೊನೆಯ ಗೆರೆಯ ಮೇಲಿನ ಕಮಾನಿನ ಬಟ್ಟೆ ಬಿಚ್ಚಲು ಏಣಿ ತಂದು ನಿಲ್ಲಿಸಿದ್ದರು. ಗೆರೆಯಾಚೆ ನಿಂತಿದ್ದ ನಿಖಾತ್ ಅಳುತ್ತಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು, ತಿಂಡಿಯ ಪೊಟ್ಟಣ ಕೊಟ್ಟರು. ಕೂತು ತಿನ್ನಿ ಎಂದರೆ ಹನುಮಂತಮ್ಮ ಕೇಳಿದ್ದು ಕನಕಪುರದ ಬಸ್ಸು ಎಲ್ಲಿ ಸಿಗುತ್ತದೆ ಎಂದು.

ಸಂಜೆ ಅವರು ಮನೆ ಸೇರಿದಾಗ ಹೆಂಗಸರು ಇನ್ನೂ ಆಯುತ್ತಿದ್ದರು. ಹನುಮಂತಮ್ಮ ಹಂಡೆಯ ನೀರಿನಲ್ಲಿ ಮೈ ತೊಳೆದು, ಹಗ್ಗದ ಮೇಲಿದ್ದ ಸೀರೆ ಉಟ್ಟು, ಬಾಗಿಲ ಬಳಿಯ ಬ್ಲೀಚಿಂಗ್ ಪುಡಿಯಲ್ಲಿ ಕಾಲಿಟ್ಟು ಒಳಗೆ ಹೋಗುವ ಮುಂಚೆ ಪದಕವನ್ನು ಮೂಸಿ ನೋಡಿದರು. ಹತ್ತಾರು ಓಟಗಾರರ ಸ್ಪ್ರೇ ಘಾಟು ಅದರ ರಿಬ್ಬನ್ನಿಗೂ ಹತ್ತಿತ್ತು. ಹೊರಗಿನ ಮೊಳೆಗೆ ತಗುಲಿಹಾಕಿ ಒಳಗೆ ಹೋದರು. ಕುಕ್ಕರಗಾಲಲ್ಲಿ ಕೂರಲು ಆಗಲಿಲ್ಲ. ಕಂಬಕ್ಕೆ ಒರಗಿ, ಕಾಲು ಚಾಚಿ, ಕೈಗೆ ಎಟುಕಿದ ಹುಳುಗಳನ್ನು ಆಯತೊಡಗಿದರು.

“ಮುಗಿಸ್ದಾ?” ಎಂದರು ಶಿವಮಾದಮ್ಮ, ಹುಳುವಿನಿಂದ ಕಣ್ಣು ತೆಗೆಯದೆ.

“ಊಂ.”

ಗೂಡು ಅಂದುಕೊಂಡಷ್ಟು ಬರಲಿಲ್ಲ, ಒಂದಷ್ಟು ಹುಳು ಕಸದಲ್ಲೇ ನೂಲು ಬಿಟ್ಟಿದ್ದವು. ವ್ಯಾಪಾರಿ ಮಾತು ಉಳಿಸಿಕೊಂಡರು. ವ್ಯಾನಿನ ಗುರುವಾರಗಳು ನಿಂತಿಲ್ಲ.

ಆಮೇಲಿನ ತಿಂಗಳುಗಳಲ್ಲಿ ಹನುಮಂತಮ್ಮ ಬಂದವರ ಮುಯ್ಯಿಯನ್ನೆಲ್ಲ ಒಂದೊಂದಾಗಿ ತೀರಿಸಿದ್ದಾರೆ. ಯಾರ ಮನೆಯಲ್ಲಿ ಹುಳು ಹಣ್ಣಾದರೂ ಕರೆಯುವ ಮೊದಲೇ ಹಾಜರು. ಉಳಿದಿರುವುದು ಶಿವಮಾದಮ್ಮನದು ಮಾತ್ರ. ಅವರ ಮನೆಯಲ್ಲಿ ಈ ವರ್ಷ ಎರಡು ಬೆಳೆ ಹಣ್ಣಾಯಿತು, ಎರಡು ಸಲವೂ ಹೇಳಿ ಕಳಿಸಲಿಲ್ಲ. ಹೋದರೆ, ಕೈ ಸಾಕಷ್ಟಿವೆ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದರು. ಹನುಮಂತಮ್ಮನಿಗೆ ಇದು ಶೂ ಒಳಗೆ ಸಿಕ್ಕಿಕೊಂಡ ಕಲ್ಲಿನಂತೆ ಒತ್ತುತ್ತಿದೆ. ಬೇಕೆಂದೇ ಮಾಡುತ್ತಾಳೆ ಎಂದು ಗೊಣಗುತ್ತಾರೆ.

ಬೇಕೆಂದೇ ಮಾಡುವುದು ಎಂದು ಶಿವಮಾದಮ್ಮನೂ ಒಪ್ಪುತ್ತಾರೆ. ಬೆಳಗಿನ ಡೇರಿಯಲ್ಲಿ ಹಾಲು ಅಳೆಯಲು ಸಾಲಿನಲ್ಲಿ ನಿಂತಿದ್ದಾರೆ, ಗೆಳತಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಾರೆ: “ತೀರ್ಸ್‌ಬುಟ್ರೆ ಈ ಚಳಿಗಾಲಕ್ ಮತ್ತೆ ಓಡಾಕೋಯ್ತಾಳಾ ಇವ್ಳು? ವ್ಯಾನು ಬೇಕಲ್ಲ ನಮ್ ಮಕ್ಕಳ್ಗೆ. ಇರ್ಲಿ ಬುಡು ನಂದೊಂದು ಬಾಕಿ.”

ಸಾಲಿನಲ್ಲಿದ್ದವರು ನಗುತ್ತಾರೆ. ಹನುಮಂತಮ್ಮ ನಗುವುದಿಲ್ಲ. ಖಾಲಿ ಕ್ಯಾನಿನ ಮುಚ್ಚಳ ಒತ್ತಿ, ಬಗ್ಗಿ ಶೂ ಲಾಡಿ ಬಿಗಿಯುತ್ತಾರೆ. ಮನೆಯಲ್ಲಿ ಹುಳು ಎರಡನೆಯ ಜ್ವರದಿಂದ ಎದ್ದಿವೆ, ಸೊಪ್ಪಿಗೆ ಹೊತ್ತಾಗಿದೆ.

“ಆಯ್ತು, ಇಟ್ಕೋ ನಿನ್ ಬಾಕಿಯ,” ಎನ್ನುತ್ತಾರೆ. “ಆದ್ರೆ ಈ ಸಲ ನಮ್ಮೆಜಮಾನ್ರು ಒಲೆ ಮುಟ್ಟದಂಗೆ ನೋಡ್ಕೊಳೋದು ನಿನ್ ಕೆಲ್ಸ.”

ತಿರುವಿನಾಚೆ ಮರೆಯಾದ ಮೇಲೂ ಬಹಳ ಹೊತ್ತು ಕ್ಯಾನಿನ ಸದ್ದು ಕೇಳುತ್ತಿರುತ್ತದೆ.