ಒರೆಸಿದ ಅಡಿಕೆ

ಗಣಪಯ್ಯ ಮಾಷ್ಟ್ರು ಹಲಗೆಯ ಮೇಲೆ ಅಡಿಕೆ ಬರೆದರೆ ಹಿಂದಿನ ಬೆಂಚಿನ ನಮಗೂ ನಾಲಿಗೆ ಚೊಗರಾಗುತ್ತಿತ್ತು. ಈಶ್ವರಮಂಗಲದ ಹತ್ತಿರದ ನಮ್ಮ ಶಾಲೆಯಲ್ಲಿ ಅವರು ಚಿತ್ರಕಲೆ ಕಲಿಸುತ್ತಿದ್ದರು. ಬರೆದು ಮುಗಿಸಿ, ಸೀಮೆಸುಣ್ಣ ಮೆತ್ತಿದ ತೋರುಬೆರಳು ಚಾಚಿ ಕೇಳುತ್ತಿದ್ದರು: “ಇದೆಂತ?”

“ಅಡಿಕೆ ಸರ್.”

“ಇದು ಅಡಿಕೆ ಅಲ್ಲ. ಎಲೆಗೆ ಹಾಕಿ ಜಗಿದು ನೋಡಿ ಮಾರಾಯ್ರೆ. ಸುಣ್ಣ ಮಾತ್ರ ಉಂಟು ಇದರಲ್ಲಿ.”

ಮುಂದೆ ತತ್ತ್ವಶಾಸ್ತ್ರ ಓದುವಾಗ, ವಸ್ತುವಿಗೂ ಅದರ ಬಿಂಬಕ್ಕೂ ಇರುವ ಅಂತರದ ಬಗ್ಗೆ ಪ್ರಾಧ್ಯಾಪಕರು ಒಂದು ತಿಂಗಳು ಮಾತಾಡಿದರು. ನನಗೆ ಮೊದಲ ದಿನವೇ ಮಾಷ್ಟ್ರ ಅಡಿಕೆ ನೆನಪಾಯಿತು. ಆಗಲೇ ನೆನಪಾಯಿತೋ, ಈಗ ಹಾಗೆ ಜೋಡಿಸಿಕೊಳ್ಳುತ್ತಿದ್ದೇನೋ, ಹೇಳಲಾರೆ.

ಖಚಿತವಾಗಿ ಗೊತ್ತಿರುವುದು ಇಷ್ಟು. ಅವರು ನಿವೃತ್ತರಾದ ದಿನ, ಹಳೆ ವಿದ್ಯಾರ್ಥಿಗಳ ಒತ್ತಾಯಕ್ಕೆ ಮತ್ತೊಮ್ಮೆ ಅಡಿಕೆ ಬರೆದು ಬೆರಳು ಚಾಚಿದರು. ನಾನು ಫೋಟೊ ತೆಗೆದೆ. ಮನೆಗೆ ಬಂದು ಮೊಬೈಲಿನಲ್ಲೇ ಅಡಿಕೆಯನ್ನು ಒರೆಸಿ, ಆ ಜಾಗದಲ್ಲಿ ನಾನಿದ್ದ ಹಾಸ್ಟೆಲಿನ ಸಾಂಬಾರಿನ ಚಿತ್ರ ಕೂರಿಸಿ, ಕೆಳಗೆ ಬರೆದೆ: ‘ಇದು ಸಾಂಬಾರು ಅಲ್ಲ’. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನಗುವೋ ನಗು. “ಖಾಲಿ ಹಲಗೆಯದ್ದು ಹಾಕು ಮಾರಾಯ್ತಿ, ನಾವೂ ಮಾಡುವ” ಎಂದರು ಯಾರೋ. ಹಾಕಿದೆ.

ವಾರದೊಳಗೆ ಅದು ಸುಳ್ಯ, ಕಡಬ ದಾಟಿತು. ನೆಲ್ಯಾಡಿ ಕಡೆಯಿಂದ ಒಂದು ಹೊಂಡದ ಚಿತ್ರ ಬಂತು: ‘ಇದು ರಸ್ತೆ ಅಲ್ಲ’. ಮಾಷ್ಟ್ರಿಗೂ ತೋರಿಸಿದರು. “ಮೂವತ್ತು ವರ್ಷ ಕಲಿಸಿದ್ದು ಇವಕ್ಕೆ ಈಗ ತಲೆಗೆ ಹೋಯಿತಾ!” ಎಂದು ನಕ್ಕರಂತೆ.

ಆಮೇಲೆ ಹಲಗೆಯ ಮೇಲೆ ಹಮೀದಾಕ ಬಂದರು. ಸ್ಕೂಟರಿನಲ್ಲಿ ಮನೆಮನೆಗೆ ಮೀನು ಮಾರುವವರು; ಆ ದಾರಿಯ ನಾಯಿಗಳೂ ಅವರ ಹಾರ್ನ್ ಗುರುತಿಸುತ್ತಿದ್ದವು. ಶಾಲೆಯ ಗೇಟಿನ ಬಳಿ ನಿಂತ ಅವರ ಫೋಟೊ, ಅದರತ್ತ ಮಾಷ್ಟ್ರ ಬೆರಳು, ಕೆಳಗೆ: ‘ಇದು ಮೀನು ಮಾರುವವ ಅಲ್ಲ’. ಮಕ್ಕಳ ಕಳ್ಳರ ಸುದ್ದಿ ಹಬ್ಬಿದ್ದ ದಿನಗಳು. ಬೇರೇನೂ ಬರೆಯಬೇಕಾಗಿರಲಿಲ್ಲ. ಮನೆಗಳ ಗೇಟುಗಳು ಮುಚ್ಚಿದವು. ಒಂದು ತಿರುವಿನಲ್ಲಿ ನಾಲ್ಕು ಜನ ಸ್ಕೂಟರ್ ಅಡ್ಡಗಟ್ಟಿ, ಮೀನಿನ ಪೆಟ್ಟಿಗೆಯನ್ನು ರಸ್ತೆಗೆ ಮಗುಚಿ ನೋಡಿದರು.

ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದ ಮಾಷ್ಟ್ರು ಮರುದಿನ ಸ್ಕೂಟರಿನಲ್ಲಿ ಹಮೀದಾಕನಿಗೂ ಪೆಟ್ಟಿಗೆಗೂ ನಡುವೆ ಕುಳಿತು ಹೊರಟರು. ಪ್ರತಿ ಗೇಟಿನಲ್ಲೂ ಇಳಿದು ಕೂಗಿದರು: “ಇವ ಹಮೀದ್. ಮೀನು ಮಾರುದೇ ಇವನ ಕೆಲಸ. ಕಣ್ಣಿಂದ ನೋಡಿ ಮಾರಾಯ್ರೆ, ಮೊಬೈಲಿಂದ ಅಲ್ಲ.”

“ಮಾಷ್ಟ್ರೇ, ಬಂಗುಡೆ ಬೇಕಾದವರೂ ಒಳಗೆ ಓಡ್ತಾರೆ, ನೀವು ಹೋಮ್‌ವರ್ಕ್ ಕೇಳ್ತೀರಿ ಅಂತ” ಎಂದರಂತೆ ಹಮೀದಾಕ.

ಕೊನೆಗೆ ಒಂದು ಮನೆಯವರು ಹೊರಗೆ ಬಂದರು. ಬಂದವರು ಮೊಬೈಲ್ ಎತ್ತಿದರು. “ಸರ್, ಒಮ್ಮೆ ಆ ಫೋಟೊದ ಹಾಗೇ ಬೆರಳು ತೋರಿಸಿ ನಿಲ್ಲಿ.”

ಸಂಜೆಯೊಳಗೆ ಹಲಗೆಯ ಮೇಲೆ, ದಾರಿಯಲ್ಲಿ ಯಾರೋ ತೆಗೆದ ಫೋಟೊದಲ್ಲಿ, ಹಮೀದಾಕನ ಸ್ಕೂಟರಿನಲ್ಲಿ ಕುಳಿತ ಮಾಷ್ಟ್ರೇ ಇದ್ದರು. ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತಿದ್ದವರೂ ಅವರೇ. ‘ಇದು ಮಾಷ್ಟ್ರು ಅಲ್ಲ’.

ನಾನು ನೋಡಲು ಹೋದಾಗ ಅವರು ಜಗಲಿಯಲ್ಲಿ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತಿದ್ದರು. ಹಮೀದಾಕ ಆ ಕಡೆ ಬರುವುದನ್ನೇ ಬಿಟ್ಟಿದ್ದರು.

“ಅವನನ್ನು ತೋರಿಸಿದ್ದು ನನ್ನ ಬೆರಳೇ ಅಲ್ವಾ?” ಎಂದರು. “ಆ ಅಡಿಕೆ ಒರೆಸಿದ್ದು ಯಾರಂತ ನಿನಗೆ ಗೊತ್ತುಂಟಾ?”

ಮಾಷ್ಟ್ರು ತೀರಿಹೋಗಿ ಎರಡು ವರ್ಷ. ಖಾಲಿ ಹಲಗೆ ಈಗಲೂ ಯಾರನ್ನೋ ಹೊತ್ತುಕೊಂಡು ನನ್ನ ಮೊಬೈಲಿಗೆ ಬರುತ್ತದೆ. “ನಾನೇ ಸರ್” ಎಂದು ಅಂದು ಹೇಳಿದೆ, ಅವರು ಮೆಲ್ಲಗೆ ತಲೆಯಾಡಿಸಿದರು ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ನಿನ್ನೆ ಆ ದಿನದ ಡೈರಿ ತೆಗೆದು ನೋಡಿದೆ. ಅವರ ಪ್ರಶ್ನೆಯನ್ನು ಬರೆದಿದ್ದೇನೆ. ಅದರ ಕೆಳಗಿನ ಸಾಲಿನಲ್ಲಿ, ಪುತ್ತೂರಿನ ಬಸ್ಸು ಬಂತು, ಹೊರಟೆ ಎಂದಿದೆ.